ಕೇದಾರದ ಹಾದಿಗೆ ಸಿದ್ಧತೆ

ಹಾನಗಲ್ಲ ಸೀಮೆಯ ಅಕ್ಕಿಆಲೂರು ಸಮುದ್ರಮಟ್ಟದಿಂದ 500–600 ಮೀಟರು ಎತ್ತರದಲ್ಲಿರುವ ಊರು. ಕೇದಾರನಾಥವಾದರೋ 3,583 ಮೀಟರಿನ ಮೇಲಿದೆ. ಅಷ್ಟು ಎತ್ತರಕ್ಕೆ ದೇಹವನ್ನು ಅಣಿಗೊಳಿಸುವ ಬಗೆ ಈಗ ವೈದ್ಯರನ್ನು ಕೇಳಿ ತಿಳಿಯತಕ್ಕ ವಿಷಯವಾಗಿದೆ. ರೈಲು ಬರುವುದಕ್ಕೆ ಮೊದಲು ಆ ಕೆಲಸವನ್ನು ಹಾದಿಯೇ ಮಾಡುತ್ತಿದ್ದಿತೆಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವು.

ನಮ್ಮ ಪ್ರಾಂತಕ್ಕೂ ಕೇದಾರಕ್ಕೂ ನಂಟು ಹಳೆಯದು. ಹಿರೇಕೆರೂರ ಸೀಮೆಯಾಚೆಗಿನ ಬಳ್ಳಿಗಾವೆಯ ದೇವರಿಗೆ ದಕ್ಷಿಣ ಕೇದಾರೇಶ್ವರನೆಂಬ ಹೆಸರುಂಟು. ಅಲ್ಲಿಯ ಕಾಳಾಮುಖರ ಕೋಡಿಯಮಠದ ಮೊದಲ ಆಚಾರ್ಯನು ಕೇದಾರಶಕ್ತಿ. ಆ ಮಠದಲ್ಲಿ ನಾನಾ ದೇಶಗಳ ಭಿಕ್ಷುಗಳಿಗೆ ಅನ್ನವೂ ಅನಾಥ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು 1162ರ ಶಾಸನವು ಹೇಳುತ್ತದೆ. ಇಂಥ ಮಠಗಳಿಲ್ಲದೆ ಕಾಲ್ನಡಿಗೆಯ ಯಾತ್ರೆ ಹೇಗೆ ಸಾಗೀತು? ಕೇದಾರದ ರಾವಲರು ಇಂದಿಗೂ ವೀರಶೈವ ಜಂಗಮ ಪರಂಪರೆಯವರೇ.

ನಡೆದು ಹೋಗುವವನ ಲೆಕ್ಕವನ್ನು ಹಾಕಿ ನೋಡೋಣ. ಇಲ್ಲಿಂದ ಹರಿದ್ವಾರಕ್ಕೆ ಸುಮಾರು 2,000 ಕಿಲೋಮೀಟರು. ದಿನಕ್ಕೆ 20ರಂತೆ ನಡೆದರೆ ನೂರು ದಿನ. ಗುಡಿಯ ಬಾಗಿಲು ತೆರೆಯುವುದು ಅಕ್ಷಯ ತದಿಗೆಯ ಸುಮಾರಿಗೆ. ಆದುದರಿಂದ ಸುಗ್ಗಿ ಮುಗಿಸಿ, ಸಂಕ್ರಾಂತಿಯ ಹಿಂದುಮುಂದು ಮನೆ ಬಿಟ್ಟವನಿಗಷ್ಟೇ ಕಾಲ ಕೂಡಿಬರುವುದು. ಹೆಗಲಿಗೆ ಕುರುಬರು ನೇಯ್ದ ಕರಿಯ ಕಂಬಳಿ, ಬುತ್ತಿಯಲ್ಲಿ ಕಟಕ ರೊಟ್ಟಿ, ಹುರಿದ ಹಿಟ್ಟು—ಇವಕ್ಕಿಂತ ಒಳ್ಳೆಯ ಸಾಮಾನು ನನಗಂತೂ ತೋರದು. ಎತ್ತರದಲ್ಲಿ ವಾಯುವಿನ ಒತ್ತಡ ಕಡಿಮೆ. ಕೇದಾರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲು ಬಹಳ ಹೊತ್ತು ಬೇಕು. ಹುರಿಹಿಟ್ಟಿಗೆ ಆ ತೊಡಕಿಲ್ಲ.

ಆದರೆ ಬಯಲುನಾಡಿನ ನಡಿಗೆಯಿಂದ ಗಟ್ಟಿಯಾಗುವುದು ಕಾಲು ಮತ್ತು ಎದೆ ಮಾತ್ರ. ತೆಳುಗಾಳಿಗೆ ಒಗ್ಗುವುದು ಬೇರೆ ಮಾತು. ಜಟ್ಟಿಯಾದವನನ್ನೂ ಎತ್ತರದ ಬೇನೆ ಬಿಡದು. ಅದಕ್ಕೆ ಮದ್ದಾಗಿದ್ದುದು ಹರಿದ್ವಾರದಿಂದ ಮೇಲಣ ಚಟ್ಟಿಗಳು. ಚಟ್ಟಿಯೆಂದರೆ ಹಾದಿಬದಿಯ ತಂಗುದಾಣ. ಅಂಗಡಿಯವನಲ್ಲಿ ಅಕ್ಕಿ ಹಿಟ್ಟು ಕೊಂಡವನಿಗೆ ಇರುಳು ಮಲಗಲು ಎಡೆ. ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಗುಪ್ತಕಾಶಿ ಎಂದು ಯಾತ್ರಿಕನು ಮೆಲ್ಲಮೆಲ್ಲನೆ ಏರುತ್ತಿದ್ದನು. ಗೌರೀಕುಂಡಕ್ಕೂ ಕೇದಾರಕ್ಕೂ ನಡುವೆ ರಾಮಬಾಡಾ ಎಂಬ ಚಟ್ಟಿಯಿದ್ದಿತು. 2013ರ ಜೂನ್ ತಿಂಗಳ ಪ್ರವಾಹದಲ್ಲಿ ಅದು ಕೊಚ್ಚಿಹೋಯಿತು.

ಹರಿದ್ವಾರಕ್ಕೆ ರೈಲು ಬಂದುದು 1886ರಲ್ಲಿ. ಅದೇ ದಶಕದಲ್ಲಿ ನಮ್ಮ ಕಡೆಗೂ ಸದರ್ನ್ ಮರಾಠಾ ರೈಲು ಬಂದಿತು. ನೂರು ದಿನದ ಹಾದಿ ಕೆಲವೇ ದಿನಗಳದಾಯಿತು. ವೃದ್ಧರಿಗೂ ಹೆಂಗಸರಿಗೂ ಕೇದಾರ ಸಮೀಪವಾದುದು ಇದರ ಪುಣ್ಯವೇ, ಅಲ್ಲಗಳೆಯಲಾಗದು. ಮೋಟಾರು ಬಂದ ಬಳಿಕ ಚಟ್ಟಿಗಳೂ ಬರಿದಾದುವು. ಈಗ ಫಾಟಾದಿಂದ ಹೆಲಿಕಾಪ್ಟರು ಕೆಲವೇ ನಿಮಿಷಗಳಲ್ಲಿ ಯಾತ್ರಿಕನನ್ನು ಮೇಲೆ ಇಳಿಸುತ್ತದೆ. ಚೋದ್ಯವೇನೆಂದರೆ, ಚಳಿಗಾಲವನ್ನು ಉಖೀಮಠದಲ್ಲಿ ಕಳೆದ ಕೇದಾರನ ಉತ್ಸವಮೂರ್ತಿಯ ಡೋಲಿಯು ಇಂದಿಗೂ ಗುಪ್ತಕಾಶಿಯಲ್ಲಿ, ಅದೇ ಫಾಟಾದಲ್ಲಿ, ಗೌರೀಕುಂಡದಲ್ಲಿ ಒಂದೊಂದಿರುಳು ತಂಗಿಯೇ ಮೇಲೇರುವುದು. ದೇವರಿಗಿಲ್ಲದ ಅವಸರ ಭಕ್ತರಿಗೆ!

ಸುಮಾರು 3,000 ಮೀಟರು ದಾಟಿದ ಮೇಲೆ ಮಲಗುವ ಎಡೆಯನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಗೌರೀಕುಂಡದಿಂದ ಕೇದಾರಕ್ಕೆ ಒಂದೇ ದಿನದ ಏರು ಸುಮಾರು 1,600 ಮೀಟರು. ಚಳಿಯ ಮಾತೂ ಹಗುರವಲ್ಲ: 2024ರ ಜೂನ್ ತಿಂಗಳಲ್ಲಿ ಅದೇ ಗಢವಾಲದ ಸಹಸ್ರತಾಲದ ಬಳಿ ಕರ್ನಾಟಕದ ಚಾರಣತಂಡವು ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಸತ್ತರು.

ಹೋಗಬೇಕೆನ್ನುವವರು ಎರಡು ತಿಂಗಳು ಮೊದಲೇ ನಿತ್ಯ ನಡೆಯತಕ್ಕದ್ದು. ಹೃದ್ರೋಗವುಳ್ಳವರು ವೈದ್ಯರಿಗೆ ತೋರಿಸತಕ್ಕದ್ದು. ಗುಪ್ತಕಾಶಿಯಲ್ಲಿಯೂ ಗೌರೀಕುಂಡದಲ್ಲಿಯೂ ಇರುಳು ತಂಗಿ ಹೋಗಲಿ. ತಲೆನೋವು, ವಾಂತಿ ಬಿಡದಿದ್ದರೆ ಗುಡಿ ಕಣ್ಣೆದುರಿಗಿದ್ದರೂ ಕೆಳಗಿಳಿಯತಕ್ಕದ್ದು.