ಕೀಲಿ ಯಾರ ಕೈಯಲ್ಲಿತ್ತು?

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕಡೆ ಮೋಟಾರ್ ಸೈಕಲ್ಲಿಗೆ ಹಳಬರು ಈಗಲೂ ಫಟಫಟಿ ಎನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿನ ಹೊಲದ ಹಾದಿಯಲ್ಲಿ ಫಟಫಟಿ ಓಡಿಸುವುದೆಂದರೆ ಅದೇ ಒಂದು ವಿದ್ಯೆ. ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡಿತೆಂದರೆ ಗಾಲಿ ತಿರುಗುವುದೇ ಇಲ್ಲ. ಆಗ ಗಂಡ ಹ್ಯಾಂಡಲ್ ಹಿಡಿದು ನಿಲ್ಲುತ್ತಾನೆ. ಬುತ್ತಿಗಂಟು ಹಿಡಿದು ಹಿಂದೆ ಕೂತಿದ್ದ ಹೆಂಡತಿ ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ಹಿಂದಿನಿಂದ ನೂಕುತ್ತಾಳೆ. ನೂಕುವ ಬಲ ಅವಳಲ್ಲಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಹ್ಯಾಂಡಲ್ ಹಿಡಿಯುವ ಮಾತು ಬಂದಾಗ ಮಾತ್ರ ‘ನಿನಗದು ಆಗೋದಲ್ಲ’ ಎನ್ನುತ್ತಾರೆ.

ನಮ್ಮವರು ಹೊಟ್ಟೆಪಾಡಿಗಾಗಿ ಮಾಡುವ ಈ ಕಸರತ್ತನ್ನು ನಗರದ ಯುವಜನರು ಸಕಲೇಶಪುರ, ಚಿಕ್ಕಮಗಳೂರಿನ ಗುಡ್ಡಗಳಿಗೆ ಗುಂಪುಗುಂಪಾಗಿ ಹೋಗಿ ಸಂತೋಷಕ್ಕಾಗಿ ಮಾಡುತ್ತಾರೆ. ಡಾಂಬರು ರಸ್ತೆ ಬಿಟ್ಟು, ಕಾಡಿನಂಚಿನ ಕಲ್ಲು, ಕೆಸರು, ಹಳ್ಳಗಳ ಹಾದಿ ಹಿಡಿಯುವ ಈ ಸವಾರಿಗೆ ಟ್ರೇಲ್ ರೈಡ್ ಎಂದು ಹೆಸರು. ನನ್ನ ಹತ್ತಿರ ಓದಿ ಈಗ ಬೆಂಗಳೂರಿನಲ್ಲಿ ನೌಕರಿ ಮಾಡುವ ಹುಡುಗಿಯೊಬ್ಬಳು ಅಂಥ ಗುಂಪು ಸೇರಿದ್ದಾಳೆ. ಅವಳ ತಾಯಿ ಬಂದು, “ಅಕ್ಕೋರೇ, ನೀವಾದರೂ ಬುದ್ಧಿ ಹೇಳ್ರಿ, ಹೆಣ್ಣುಮಕ್ಕಳು ಮಾಡೋ ಕೆಲಸಾ ಏನಿದು?” ಎಂದು ಕೇಳಿದಳು. ಬುದ್ಧಿ ಹೇಳುವ ಮುಂಚೆ ಇತಿಹಾಸ ಏನು ಹೇಳುತ್ತದೆ ನೋಡೋಣ ಎನ್ನುವುದು ಇತಿಹಾಸ ಕಲಿಸುವವರ ಅಭ್ಯಾಸ.

ಈ ಸವಾರಿ ಆಟವಾಗಿ ಹುಟ್ಟಿದ್ದಲ್ಲ, ಪರೀಕ್ಷೆಯಾಗಿ ಹುಟ್ಟಿದ್ದು. ಮೋಟಾರ್ ಸೈಕಲ್ಲು ಹೊಸದಾಗಿದ್ದ ಕಾಲದಲ್ಲಿ ಅದು ಕೆಟ್ಟ ಹಾದಿಯಲ್ಲಿ ಎಷ್ಟು ಬಾಳುತ್ತದೆ ಎಂದು ತಿಳಿಯಬೇಕಿತ್ತು. 1909ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಅಂಥ ಪರೀಕ್ಷೆ ಶುರುವಾಯಿತು. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಎಂಬಲ್ಲಿ ಬೇರೆ ಬೇರೆ ದೇಶಗಳ ನಡುವಿನ ಆರು ದಿನಗಳ ಸ್ಪರ್ಧೆ ಆರಂಭವಾಯಿತು. ಗಾಡಿ ಕೆಟ್ಟರೆ ಸವಾರರೇ ರಿಪೇರಿ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಅಲ್ಲಿ ವೇಗಕ್ಕಿಂತ ತಾಳ್ಮೆ ದೊಡ್ಡದು.

ತಾಳ್ಮೆಯ ಮಾತು ಬಂದಲ್ಲಿ ಹೆಂಗಸರು ಬಾರದೆ ಇದ್ದಾರೆಯೇ? 1916ರಲ್ಲಿ ಅಮೆರಿಕದ ಆಗಸ್ಟಾ ಮತ್ತು ಅಡೆಲಿನ್ ವ್ಯಾನ್ ಬ್ಯೂರೆನ್ ಎಂಬ ಅಕ್ಕತಂಗಿಯರು ಒಬ್ಬೊಬ್ಬರು ಒಂದೊಂದು ಮೋಟಾರ್ ಸೈಕಲ್ಲೇರಿ ನ್ಯೂಯಾರ್ಕಿನಿಂದ ಪಶ್ಚಿಮ ಕರಾವಳಿಯವರೆಗೆ ಇಡೀ ದೇಶ ದಾಟಿದರು. ಯುದ್ಧದಲ್ಲಿ ಸುದ್ದಿ ಮುಟ್ಟಿಸುವ ಸವಾರರಾಗಿ ಹೆಂಗಸರೂ ಕೆಲಸ ಮಾಡಬಲ್ಲರು ಎಂದು ತೋರಿಸುವುದು ಅವರ ಉದ್ದೇಶ. ದಾರಿಯಲ್ಲಿ ಪೊಲೀಸರು ಅವರನ್ನು ತಡೆದು ಹಿಡಿದರು. ಅಪರಾಧವೇನೆಂದರೆ, ಗಂಡಸರ ಉಡುಪು ತೊಟ್ಟದ್ದು! ದೇಶ ದಾಟಿದ ಮೇಲೂ ಸೈನ್ಯ ಅವರನ್ನು ಸೇರಿಸಿಕೊಳ್ಳಲಿಲ್ಲ. ಮುಂದೆ ಅಡೆಲಿನ್ ವಕೀಲೆಯಾದಳು, ಆಗಸ್ಟಾ ವಿಮಾನ ಹಾರಿಸಿದಳು.

ಇನ್ನೂ ದೊಡ್ಡ ಸಂಗತಿ 1927ರದು. ಆ ವರ್ಷ ಆರು ದಿನಗಳ ಸ್ಪರ್ಧೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ನಡೆಯಿತು. ಮಾರ್ಜರಿ ಕಾಟಲ್, ಈಡಿತ್ ಫೋಲಿ, ಲೂಯಿ ಮೆಕ್ಲೀನ್ ಎಂಬ ಮೂವರು ಹೆಂಗಸರೇ ಇದ್ದ ಬ್ರಿಟನ್ನಿನ ತಂಡ ಅಲ್ಲಿ ಸಿಲ್ವರ್ ವಾಸ್ ಪ್ರಶಸ್ತಿ ಗೆದ್ದಿತು. ಹೆಂಗಸರಿಗೆ ಇದು ಆಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕು ಸುಮಾರು ನೂರು ವರ್ಷವಾಯಿತು. ಪ್ರಶ್ನೆ ಮಾತ್ರ ಇನ್ನೂ ನಮ್ಮ ಪಡಸಾಲೆಯಲ್ಲಿ ಕೂತಿದೆ.

ನಮ್ಮ ನಾಡಿನ ಕಥೆಗೆ ಬರೋಣ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಗಾಡಿಗಳು ಹೊರಬರತೊಡಗಿದವು. ಆರು ದಿನಗಳ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದ ಚೆಕೊಸ್ಲೊವಾಕಿಯಾದ ಗಾಡಿ ಅದು. ಒಂದೇ ಸನ್ನೆಯನ್ನು ಕಿಕ್ಕಿಗೂ ಗೇರಿಗೂ ಬಳಸುವ ಅದರ ಜಾಣ್ಮೆ ಹಳಬರಿಗೆ ನೆನಪಿರಬಹುದು. ಮುಂದೆ ಅದೇ ಕಾರ್ಖಾನೆಯಲ್ಲಿ ಯೆಜ್ದಿ ತಯಾರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಆ ಮೂವತ್ತೈದು ವರ್ಷಗಳಲ್ಲಿ ನಮ್ಮ ಹೆಂಗಸರ ಜಾಗ ಎಲ್ಲಿತ್ತು? ಹಿಂದಿನ ಸೀಟಿನಲ್ಲಿ, ಒಂದೇ ಕಡೆಗೆ ಕಾಲು ಇಳಿಬಿಟ್ಟುಕೊಂಡು. ಕಾನೂನು ಕೂಡ ನಮ್ಮನ್ನು ಅಲ್ಲಿಯೇ ಕಂಡಿತು. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಗಾಲಿಯ ಅರ್ಧದಷ್ಟಾದರೂ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನಾವು ‘ಸೀರೆ ಗಾರ್ಡ್’ ಎನ್ನುವುದು ಅದಕ್ಕೇ. ಸೆರಗಿಗೆ ಕಾವಲು ಸಿಕ್ಕಿತು, ಕೀಲಿಕೈ ಸಿಗಲಿಲ್ಲ. ಕೀಲಿಕೈ ಬಂದದ್ದು ಸಣ್ಣ ಗಾಡಿಗಳ ಮೂಲಕ. 1972ರಲ್ಲಿ ಲೂನಾ ಬಂತು. 1984ರಲ್ಲಿ ಬಟನ್ ಒತ್ತಿದರೆ ಸ್ಟಾರ್ಟ್ ಆಗುವ, ಗೇರಿಲ್ಲದ ಕೈನೆಟಿಕ್ ಹೋಂಡಾ ಬಂತು. ಎಷ್ಟೋ ಜನ ಶಿಕ್ಷಕಿಯರು, ನರ್ಸುಗಳು, ಬ್ಯಾಂಕಿನ ನೌಕರಿಯವರು ಯಾರ ದಾರಿಯನ್ನೂ ಕಾಯದೆ ಮನೆ ಬಿಟ್ಟು ಹೊರಟದ್ದು ಇಂಥ ಗಾಡಿಗಳ ಮೇಲೆಯೇ.

ಅಲ್ಲಿಂದ ಗುಡ್ಡದ ಹಾದಿಗೆ ಒಂದೇ ತಲೆಮಾರಿನ ದೂರ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಜಗತ್ತಿನ ಅತಿ ಕಠಿಣ ಡಕಾರ್ ರ್‍ಯಾಲಿಯನ್ನು ಮುಗಿಸಿ 36ನೆಯವರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಸ್ಪರ್ಧೆಯೊಂದರಲ್ಲಿ ಬಿದ್ದು, ಮೇದೋಜೀರಕ ಗ್ರಂಥಿಗೇ ಪೆಟ್ಟು ಮಾಡಿಕೊಂಡರು. ಎಂಥವರೂ ‘ಸಾಕು’ ಎನ್ನುವ ಗಾಯ. ಮರುವರ್ಷವೇ, 2019ರಲ್ಲಿ, ಎಫ್.ಐ.ಎಂ. ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರು, ಗಂಡಸರನ್ನೂ ಸೇರಿಸಿ, ಅವರೇ.

ಎಲ್ಲರೂ ಪ್ರಶಸ್ತಿಗೆಂದು ಹೋಗುವುದಿಲ್ಲ. ಗುಂಪಿನ ಸವಾರಿಗೆ ಅದರದೇ ರೀತಿನೀತಿಯಿದೆ. ಹಾದಿ ಬಲ್ಲವರು ಮುಂದೆ, ಅನುಭವಿಯೊಬ್ಬರು ಎಲ್ಲರಿಗಿಂತ ಹಿಂದೆ. ಹಾದಿ ಕವಲೊಡೆದಲ್ಲಿ ಹಿಂದಿನವರು ಕಾಣುವವರೆಗೆ ಮುಂದಿನವರು ಕಾಯಬೇಕು. ಕೆಸರಿನಲ್ಲಿ ಟೈರಿನ ಗಾಳಿ ತುಸು ಇಳಿಸಬೇಕು. ಕಲ್ಲು ಬಂದಲ್ಲಿ ಸೀಟಿನಿಂದೆದ್ದು ಕಾಲೂರುವ ಕಂಬಿಯ ಮೇಲೆ ನಿಲ್ಲಬೇಕು. ಬಿದ್ದವರನ್ನು ನೋಡಿ ನಗುವ ಮೊದಲು ಗಾಡಿ ಎತ್ತಬೇಕು. ಕೂಡು ಕುಟುಂಬದಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಇದರಲ್ಲಿ ಹೊಸದೇನಿದೆ ಹೇಳಿ? ಆ ತಾಯಿಗೆ ನಾನು ಇಷ್ಟನ್ನು ಹೇಳಿದೆ: ಲೈಸೆನ್ಸು, ಹೆಲ್ಮೆಟ್ಟು, ಒಳ್ಳೆಯ ಬೂಟು, ನಂಬುವ ಜೊತೆ ಇದ್ದರೆ ತಡೆಯಬೇಡ.

ಆದರೆ ಮಗಳಿಗೆ ಹೇಳಬೇಕಾದ ಮಾತೂ ಒಂದಿದೆ. ಕೀಲಿ ಕೈಗೆ ಬಂದಿತೆಂದರೆ ಎಲ್ಲ ಬಾಗಿಲೂ ನಮ್ಮದಾಗುವುದಿಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದವು. ಅನುಮತಿಯಿಲ್ಲದೆ ಮೀಸಲು ಅರಣ್ಯದೊಳಗೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ಮಣ್ಣಿನ ಮಾತು ಕೇಳಿ. ಗುಡ್ಡದ ಹುಲ್ಲಿನ ಮೇಲೆ ಇಪ್ಪತ್ತು ಗಾಡಿಗಳು ಒಂದೇ ಸಾಲಿನಲ್ಲಿ ಹೋದರೆ ಬೇರು ಕಿತ್ತು ಗೆರೆ ಬೀಳುತ್ತದೆ. ಮುಂದಿನ ಮಳೆಗೆ ಆ ಗೆರೆ ಕಾಲುವೆಯಾಗುತ್ತದೆ, ಅದರ ಮುಂದಿನ ಮಳೆಗೆ ಕೊರಕಲಾಗುತ್ತದೆ. ಗುಡ್ಡದ ಮಣ್ಣು ಕೆಳಗಿನ ಹಳ್ಳ ಸೇರುತ್ತದೆ. ಒಪ್ಪಿಗೆ ಕೊಟ್ಟ ತೋಟದ ಹಾದಿಗಳಿವೆ, ಹಳೆಯ ಗಾಡಿದಾರಿಗಳಿವೆ, ಅಲ್ಲಿ ಧಾರಾಳವಾಗಿ ಹೋಗಲಿ. ನೂರು ವರ್ಷ ಬೇರೆಯವರ ಅಪ್ಪಣೆಗೆ ಕಾಯ್ದವರು ನಾವು. ಅಪ್ಪಣೆ ಕೇಳಲು ಬಾಯಿಯೇ ಇಲ್ಲದ ಕಾಡಿನ ಮಗ್ಗುಲಲ್ಲಿ ಗಾಡಿ ನಿಲ್ಲಿಸುವುದು ನಮಗೆ ಇನ್ನೊಬ್ಬರಿಗಿಂತ ಬೇಗ ತಿಳಿಯಬೇಕು.