ಒಂದು ಚಿಪ್ಪಿನ ನಾಮಕರಣ

ವಸ್ತುಸಂಗ್ರಹಾಲಯದಲ್ಲಿ ಚಿಪ್ಪೊಂದರ ಕೆಳಗೆ ಲ್ಯಾಟಿನಿನ ಎರಡು ಪದಗಳನ್ನು ಕಂಡರೆ, ಇದು ಪಂಡಿತರ ಆಡಂಬರವೆಂದು ಭಾವಿಸಿ ನಾವು ಮುಂದೆ ಸಾಗುತ್ತೇವೆ. ಆದರೆ ಆ ಎರಡು ಪದಗಳು ನೆಲೆಗೊಳ್ಳಲು ಕೆಲವು ವೇಳೆ ಸುಮಾರು ಮುನ್ನೂರು ವರ್ಷ ಹಿಡಿದಿರುವುದುಂಟು. ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ ದೊರೆಯುವ 'ಚೆಸಪೆಕ್ಟನ್ ಜೆಫರ್ಸೋನಿಯಸ್' ಅಂಥದೊಂದು. ಬೀಸಣಿಗೆಯಂತೆ ಹರಡಿ, 9ರಿಂದ 12 ದಪ್ಪ ಏಣುಗಳುಳ್ಳ ಈ ಚಿಪ್ಪು, 40 ಲಕ್ಷ ವರ್ಷಗಳಿಗೂ ಹಿಂದೆ ಅಲ್ಲಿಯ ಕಡಲತಳದಲ್ಲಿ ಬಾಳಿದ ಪ್ರಾಣಿಯ ಅವಶೇಷ.

ಇದರ ಚಿತ್ರ ಮೊದಲು ಅಚ್ಚಾದುದು 1687ರಲ್ಲಿ, ಲಂಡನ್ನಿನಲ್ಲಿ, ಮಾರ್ಟಿನ್ ಲಿಸ್ಟರ್ ಎಂಬ ವೈದ್ಯನ ಗ್ರಂಥದಲ್ಲಿ. ಆ ಗ್ರಂಥಕ್ಕೆ ಚಿತ್ರ ಬರೆದವರು ಅವನ ಪುತ್ರಿಯರಾದ ಸುಸಾನಾ ಮತ್ತು ಆನಾ. ಉತ್ತರ ಅಮೆರಿಕದ ಪಳೆಯುಳಿಕೆಯೊಂದು ಶಾಸ್ತ್ರಗ್ರಂಥದಲ್ಲಿ ಚಿತ್ರಿತವಾದುದು ಅದೇ ಮೊದಲು. ವಿನೋದವೆಂದರೆ, ಇಂಗ್ಲೆಂಡಿನ ಕಲ್ಲುಗಣಿಗಳಲ್ಲಿ ಸಿಕ್ಕುವ ಚಿಪ್ಪಿನಾಕಾರದ ಕಲ್ಲುಗಳು ಎಂದೂ ಪ್ರಾಣಿಗಳ ಅಂಗವಾಗಿರಲಿಲ್ಲವೆಂದು 1671ರಲ್ಲಿ ವಾದಿಸಿದವನು ಇದೇ ಲಿಸ್ಟರ್! ಅವನನ್ನು ಮೂಢನೆನ್ನಲು ನಮಗೆ ಮನಸ್ಸಿಲ್ಲ. ಅವು ಸುತ್ತಲಿನ ಬಂಡೆಯ ದ್ರವ್ಯದಿಂದಲೇ ಆಗಿದ್ದವು. ಒಂದೊಂದು ಗಣಿಯಲ್ಲಿ ಒಂದೊಂದು ಬಗೆ. ಅವುಗಳಿಗೆ ಸರಿಹೋಲುವ ಜೀವಿ ಕಡಲಿನಲ್ಲಿ ಕಾಣದು. ಜೀವಕುಲಗಳು ನಶಿಸಿಹೋಗಬಲ್ಲವೆಂಬ ಕಲ್ಪನೆ ಬೇರೂರದ ಕಾಲವದು. ಅವನು ಕಂಡುದು ಸರಿ, ತೀರ್ಮಾನ ಮಾತ್ರ ತಪ್ಪು.

ಚಿತ್ರವೇನೋ ಬಂದಿತು, ಇಂದಿನ ಪದ್ಧತಿಯ ಹೆಸರು ಬರಲು ಮತ್ತೆ 137 ವರ್ಷ ಬೇಕಾಯಿತು. ಪ್ರಾಣಿಗಳಿಗೆ ಜಾತಿಯದೊಂದು, ಪ್ರಭೇದದ್ದೊಂದು, ಹೀಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ಸ್ವೀಡನ್ನಿನ ಲಿನೇಯಸ್ 1758ರಲ್ಲಿ ನೆಲೆಗೊಳಿಸಿದ್ದನು. ಅದನ್ನನುಸರಿಸಿ 1824ರಲ್ಲಿ ಫಿಲಡೆಲ್ಫಿಯಾದ ಥಾಮಸ್ ಸೇ ಇದನ್ನು 'ಪೆಕ್ಟನ್ ಜೆಫರ್ಸೋನಿಯಸ್' ಎಂದು ಕರೆದನು. ಪೆಕ್ಟನ್ ಎಂದರೆ ಲ್ಯಾಟಿನಿನಲ್ಲಿ ಬಾಚಣಿಗೆ. ಜೆಫರ್ಸನ್ನನಾದರೋ ಅಮೆರಿಕದ ಮಾಜಿ ಅಧ್ಯಕ್ಷ. ಆಗ 80 ದಾಟಿದ ವೃದ್ಧ. ಸೇ ಮಹಾಶಯನು ಪಕ್ಷಪಾತಿಯೆನಿಸಲಿಲ್ಲ. ಅದೇ ವರ್ಷ ಹೆಚ್ಚು ಏಣುಗಳುಳ್ಳ ಮತ್ತೊಂದು ಚಿಪ್ಪಿಗೆ ಮುಂದಿನ ಅಧ್ಯಕ್ಷನಾಗಿದ್ದ ಮ್ಯಾಡಿಸನ್ನನ ಹೆಸರನ್ನೂ ಇಟ್ಟನು.

ಈ ಗೌರವ ಜೆಫರ್ಸನ್ನನಿಗೆ ಒಪ್ಪುವಂಥದೆ? ವರ್ಜೀನಿಯಾವನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಬೆಟ್ಟಗಳ ಮೇಲೆ ಚಿಪ್ಪುಗಳು ಹೇಗೆ ಬಂದವೆಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದನು. ಜಲಪ್ರಳಯ, ಕಡಲತಳದ ಉತ್ಥಾನ, ಕಲ್ಲಿನಲ್ಲಿಯೇ ಚಿಪ್ಪು ಬೆಳೆಯುವುದು ಎಂಬ ಮೂರು ಸಮಾಧಾನಗಳನ್ನು ತೂಗಿ, ಮೂರನ್ನೂ ಒಪ್ಪದೆ, ಸಮಸ್ಯೆ ಬಗೆಹರಿದಿಲ್ಲವೆಂದು ಬರೆದನು. ಚಿಪ್ಪಿನ ಹುಟ್ಟನ್ನು ಸಂಶಯಿಸಿದವನ ಹೆಸರೇ ಚಿಪ್ಪಿಗೆ ಅಂಟಿತು. ತಿಳಿಯದುದನ್ನು ತಿಳಿಯದೆಂದವನಿಗೆ ಸಂದ ಈ ಮನ್ನಣೆ ನಮಗೆ ಅನುಚಿತವೆಂದು ತೋರದು.

ಇಷ್ಟಕ್ಕೂ ಹೆಸರು ನಿಲ್ಲಲಿಲ್ಲ. ಬಾಚಣಿಗೆ ಚಿಪ್ಪುಗಳ ಸಂಖ್ಯೆ ಬೆಳೆದಂತೆ ಪೆಕ್ಟನ್ ಜಾತಿಯನ್ನು ಒಡೆಯಬೇಕಾಯಿತು. ಕೊನೆಗೆ 1975ರಲ್ಲಿ ವಾರ್ಡ್ ಮತ್ತು ಬ್ಲ್ಯಾಕ್‌ವೆಲ್ಡರ್ ಎಂಬ ವಿದ್ವಾಂಸರು, ಪೂರ್ವ ಅಮೆರಿಕದ ಈ ಚಿಪ್ಪುಗಳದು ಬೇರೆಯೇ ಸಂತತಿಯೆಂದು ನಿರ್ಣಯಿಸಿ, ಚೆಸಪೀಕ್ ಕೊಲ್ಲಿಯ ಹೆಸರನ್ನು ಪೆಕ್ಟನ್ನಿಗೆ ಸೇರಿಸಿ 'ಚೆಸಪೆಕ್ಟನ್' ಎಂಬ ಜಾತಿಯನ್ನು ಸ್ಥಾಪಿಸಿದರು.

ಹಾಗಾದರೆ ಸೇ ಇಟ್ಟ ಹೆಸರು ಹೋಯಿತೆ ಎಂದು ಶ್ರೋತೃಗಳು ಕೇಳಬಹುದು. ಇಲ್ಲ. ದತ್ತು ಹೋದ ಮಗುವಿಗೆ ಗೋತ್ರ ಬದಲಾದರೂ ತೊಟ್ಟಿಲಲ್ಲಿಟ್ಟ ಹೆಸರು ಉಳಿಯುವಂತೆ, ಜಾತಿ ಬದಲಾದರೂ ಪ್ರಭೇದದ ಹೆಸರು ಉಳಿಯಿತು. ಬದಲಾವಣೆಯ ಗುರುತಾಗಿ ಸೇ ಎಂಬ ಹೆಸರನ್ನೂ 1824 ಎಂಬ ಇಸವಿಯನ್ನೂ ಕಂಸದೊಳಗೆ ಬರೆಯುತ್ತಾರೆ, ಅಷ್ಟೆ. 1993ರಲ್ಲಿ ವರ್ಜೀನಿಯಾ ಈ ಚಿಪ್ಪನ್ನು ತನ್ನ ರಾಜ್ಯದ ಪಳೆಯುಳಿಕೆಯೆಂದು ಅಂಗೀಕರಿಸಿತು.