ಹಗುರ ಟ್ರೈಪಾಡ್ ಮೇಲೆ ಸ್ಪಾಟಿಂಗ್ ಸ್ಕೋಪ್ ನಿಲ್ಲುತ್ತದೆಯೇ? ಕೃಷ್ಣಮೃಗ, ಹಕ್ಕಿ ನೋಡಲು ಹೊರಡುವವರು ತಿಳಿದಿರಬೇಕಾದ ಐದು ಸಂಗತಿ

ಹಕ್ಕಿ ನೋಡುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಟ್ರೈಪಾಡ್ ಬಗ್ಗೆ ಕೆಲವು ಮಾತುಗಳು ಪದೇ ಪದೇ ಸುತ್ತುತ್ತವೆ. "ಟ್ರೈಪಾಡ್ ಭಾರ ಇದ್ದಷ್ಟೂ ಒಳ್ಳೆಯದು", "ಡಬ್ಬದ ಮೇಲೆ 10 ಕೆ.ಜಿ. ಅಂತ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ", "ಕಾರ್ಬನ್ ಫೈಬರ್ ಆದರೆ ಅಲುಗೋದೇ ಇಲ್ಲ", "ಚಿತ್ರ ನಡುಗಿದರೆ ಟ್ರೈಪಾಡ್ ಸರಿಯಿಲ್ಲ ಅಂತಲೇ ಅರ್ಥ". ಇವುಗಳಲ್ಲಿ ನಿಜ ಎಷ್ಟು? ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸುತ್ತಲಿನ ಬಯಲು ಮತ್ತು ಕೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ಹಗುರ ಟ್ರೈಪಾಡ್ ಸಾಕಾಗುತ್ತದೆ. ಆದರೆ ನೋಡಬೇಕಾದದ್ದು ತೂಕವನ್ನಲ್ಲ, ಅದು ಎಷ್ಟು ಕಡಿಮೆ ಬಾಗುತ್ತದೆ ಎಂಬುದನ್ನು. ಜೊತೆಗೆ, ಬಿಸಿಲೇರಿದ ಮೇಲೆ ಕಾಣುವ ನಡುಕ ಹೆಚ್ಚಾಗಿ ಬಿಸಿ ಗಾಳಿಯದು. ಅದನ್ನು ಯಾವ ಟ್ರೈಪಾಡ್ ಕೂಡ ನಿಲ್ಲಿಸಲಾರದು.

ಟ್ರೈಪಾಡ್‌ಗೆ ಯಾಕಿಷ್ಟು ಮಹತ್ವ?

ಸ್ಪಾಟಿಂಗ್ ಸ್ಕೋಪ್ ಎಂದರೆ ಬೈನಾಕ್ಯುಲರ್‌ಗಿಂತ ಹೆಚ್ಚು ದೂರ ನೋಡಲು ಬಳಸುವ ಒಂಟಿ ಕಣ್ಣಿನ ದೂರದರ್ಶಕ. ಹೆಚ್ಚಿನವು 20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುತ್ತವೆ. ಹಿಗ್ಗುವುದು ಪ್ರಾಣಿಯ ಚಿತ್ರ ಮಾತ್ರವಲ್ಲ, ನಮ್ಮ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಒಂದು ಲೆಕ್ಕ ನೋಡಿ. 30 ಸೆಂ.ಮೀ. ಉದ್ದದ ಸ್ಕೋಪಿನ ಮುಂಭಾಗ ಬರೀ 0.3 ಮಿ.ಮೀ. ಮೇಲೆದ್ದರೆ, 500 ಮೀಟರ್ ದೂರದಲ್ಲಿ ನಮ್ಮ ನೋಟ ಅರ್ಧ ಮೀಟರ್ ಸರಿಯುತ್ತದೆ. ನೋಡುತ್ತಿದ್ದದ್ದು ಚಿಗರಿಯ ಮುಖವಾಗಿದ್ದರೆ ಈಗ ಕಾಣುವುದು ಅದರ ಕಾಲು!

ಚಿತ್ರ ನಿಲ್ಲದಿದ್ದರೆ ನಾವು ಏನು ಮಾಡುತ್ತೇವೆ? ಇನ್ನಷ್ಟು ಹತ್ತಿರ ಹೋಗುತ್ತೇವೆ. ನಿಜವಾದ ತೊಂದರೆ ಶುರುವಾಗುವುದೇ ಇಲ್ಲಿ. ರಾಣೆಬೆನ್ನೂರಿನ 119 ಚದರ ಕಿ.ಮೀ. ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದ್ದು ಕೃಷ್ಣಮೃಗಗಳ ರಕ್ಷಣೆಗೆ. ಒಂದು ಕಾಲಕ್ಕೆ ಇಲ್ಲಿ ಎರ್ಲಡ್ಡು, ಅಂದರೆ ಎರೆಭೂತ ಎಂದೂ ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯೂ ಇತ್ತು. ಈಗ ಕರ್ನಾಟಕದಲ್ಲಿ ಅದರ ಹೆಸರು ಕೇಳಿಬರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ. ತೆರೆದ ಬಯಲಿನ ಪ್ರಾಣಿಗಳಿಗೆ ಮರೆ ಎಂಬುದಿಲ್ಲ, ದೂರವೇ ಅವುಗಳ ರಕ್ಷಣೆ. ನಾವು ಹತ್ತಿರ ಹೋದಷ್ಟೂ ಅವು ಮೇವು ಬಿಟ್ಟು ಓಡುತ್ತವೆ, ಅಕ್ಕಪಕ್ಕದ ಗೋವಿನಜೋಳದ ಹೊಲಕ್ಕೆ ನುಗ್ಗಿದರೆ ರೈತರಿಗೂ ನಷ್ಟ. ಹಾಗಾಗಿ ಗಟ್ಟಿಯಾಗಿ ನಿಲ್ಲುವ ಟ್ರೈಪಾಡ್ ನಮ್ಮ ಅನುಕೂಲಕ್ಕಷ್ಟೇ ಅಲ್ಲ, ಪ್ರಾಣಿಯನ್ನು ಅದರ ಪಾಡಿಗೆ ಬಿಟ್ಟು ನೋಡುವುದಕ್ಕೂ ಬೇಕು.

ಹೇಳಿಕೆ 1: ಭಾರ ಇದ್ದಷ್ಟೂ ಒಳ್ಳೆಯದು

ಭಾಗಶಃ ಸರಿ. ಭಾರವಾದ ಟ್ರೈಪಾಡ್ ಗಾಳಿಗೆ ಸುಲಭವಾಗಿ ಉರುಳುವುದಿಲ್ಲ, ಅಷ್ಟು ನಿಜ. ಆದರೆ ಚಿತ್ರ ನಡುಗುವುದು ಟ್ರೈಪಾಡ್ ಉರುಳುವುದರಿಂದಲ್ಲ, ಅದರ ಕಾಲು ಮತ್ತು ನಡುಗಂಬ ಸೂಕ್ಷ್ಮವಾಗಿ ಬಾಗುವುದರಿಂದ. ಕೊಳವೆ ದಪ್ಪನಾದಷ್ಟೂ ಬಾಗುವುದು ಕಡಿಮೆ. ತೆಳು ಗೋಡೆಯ ಕೊಳವೆಯ ವ್ಯಾಸ ಎರಡು ಪಟ್ಟಾದರೆ ಅದರ ಬಿಗಿತ ಸುಮಾರು ಎಂಟು ಪಟ್ಟಾಗುತ್ತದೆ. ಆದ್ದರಿಂದ ಕಾಲಿನ ಅತಿ ತೆಳುವಾದ ಕೊನೆಯ ತುಂಡು ಎಷ್ಟು ದಪ್ಪಗಿದೆ ಎಂದು ಮೊದಲು ನೋಡಿ. ನಾಲ್ಕೈದು ತುಂಡುಗಳ ಕಾಲು ಬ್ಯಾಗಿನಲ್ಲಿ ಚಿಕ್ಕದಾಗಿ ಮಡಚಿಕೊಳ್ಳುತ್ತದೆ, ಆದರೆ ಅದರ ಕೊನೆಯ ತುಂಡು ಪೆನ್ಸಿಲ್‌ನಂತಿದ್ದರೆ ಪ್ರಯೋಜನವಿಲ್ಲ. ಬೈಕ್‌ನಲ್ಲಿ ಹೋಗುವವರಿಗೆ ಮೂರು ತುಂಡುಗಳ ಕಾಲೇ ಸಾಕು.

60ರಿಂದ 65 ಮಿ.ಮೀ. ಗಾಜಿನ ಸ್ಕೋಪ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕೆ.ಜಿ. ತೂಗುತ್ತದೆ. ಇದಕ್ಕೆ ಹೆಡ್ ಸೇರಿ ಒಂದೂವರೆಯಿಂದ ಎರಡು ಕೆ.ಜಿ.ಯ ಟ್ರೈಪಾಡ್ ಹದವಾದ ಆಯ್ಕೆ. ಮೂರೂವರೆ ಕೆ.ಜಿ.ಯದನ್ನು ಕೊಂಡು ಎರಡನೇ ಸಲವೇ ಮನೆಯಲ್ಲಿ ಬಿಟ್ಟು ಹೋದರೆ ಆ ಗಟ್ಟಿತನದಿಂದ ಏನು ಬಂತು?

ಹೇಳಿಕೆ 2: ಡಬ್ಬದ ಮೇಲಿನ ಕೆ.ಜಿ. ನೋಡಿದರೆ ಸಾಕು

ತಪ್ಪು. "10 ಕೆ.ಜಿ. ಹೊರುತ್ತದೆ" ಎಂಬುದನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ಮಾನದಂಡವಿಲ್ಲ. ಆ ಅಂಕಿ ಹೇಳುವುದು ಹೆಚ್ಚೆಂದರೆ ಟ್ರೈಪಾಡ್ ಕುಸಿಯುವುದಿಲ್ಲ ಎಂದು, ಅದುರುವುದಿಲ್ಲ ಎಂದಲ್ಲ. ಅದಕ್ಕಿಂತ ನಂಬಬಹುದಾದ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬಹುದು. ನಿಮ್ಮ ಸ್ಕೋಪನ್ನೇ ಒಯ್ದು ಟ್ರೈಪಾಡ್ ಮೇಲೆ ಕೂರಿಸಿ, ಬೀದಿಯಾಚೆಯ ಬೋರ್ಡಿನ ಅಕ್ಷರವೊಂದನ್ನು ಹಿಡಿದು, ಒಂದು ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಕ್ಷರ ಒಂದೆರಡು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯದು. ನಾಲ್ಕೈದು ಸೆಕೆಂಡು ತೂಗಾಡುತ್ತಿದ್ದರೆ ಡಬ್ಬದ ಮೇಲೆ ಏನೇ ಬರೆದಿರಲಿ, ಬೇಡ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿ.

ಹೇಳಿಕೆ 3: ಕಾರ್ಬನ್ ಫೈಬರ್ ಆದರೆ ಅಲುಗುವುದೇ ಇಲ್ಲ

ಅತಿಶಯೋಕ್ತಿ. ಅದೇ ತೂಕದ ಅಲ್ಯೂಮಿನಿಯಂಗಿಂತ ಕಾರ್ಬನ್ ಫೈಬರ್ ಬಿಗಿಯಾಗಿರುತ್ತದೆ, ಎದ್ದ ಕಂಪನವೂ ಬೇಗ ಅಡಗುತ್ತದೆ. ಬಿಸಿಲಲ್ಲಿ ಮುಟ್ಟಿದರೆ ಅಷ್ಟು ಸುಡುವುದಿಲ್ಲ. ಆದರೆ ಬೆಲೆ ಹೆಚ್ಚು, ಮತ್ತು ತೆಳು ಕಾರ್ಬನ್ ಕಾಲಿಗಿಂತ ದಪ್ಪ ಅಲ್ಯೂಮಿನಿಯಂ ಕಾಲು ಎಷ್ಟೋ ಮೇಲು. ಬಜೆಟ್ ಕಡಿಮೆಯಿದ್ದರೆ ಅಲ್ಯೂಮಿನಿಯಂ ಕಾಲು ಕೊಂಡು, ಉಳಿದ ಹಣವನ್ನು ಒಳ್ಳೆಯ ಹೆಡ್‌ಗೆ ಹಾಕಿ. ಸ್ಕೋಪಿಗೆ ಹಿಡಿಕೆ ಇರುವ ಸಣ್ಣ ಫ್ಲೂಯಿಡ್ ಹೆಡ್ ಸೂಕ್ತ, ಏಕೆಂದರೆ ಓಡುವ ಹಿಂಡನ್ನು ನುಣ್ಣಗೆ ಹಿಂಬಾಲಿಸಬಹುದು. ಬಾಲ್ ಹೆಡ್ ಇನ್ನೂ ಹಗುರ, ನಿಜ. ಆದರೆ ತಿರುಪು ಸಡಿಲಿಸಿದ ಕೂಡಲೇ ಸ್ಕೋಪ್ ಒಂದು ಕಡೆಗೆ ಬೀಳುತ್ತದೆ.

ಹೇಳಿಕೆ 4: ಹಗುರ ಟ್ರೈಪಾಡ್‌ಗೆ ಚೀಲ ತೂಗುಬಿಟ್ಟರೆ ಸಾಕು

ತೂಗುಬಿಡುವ ರೀತಿಯ ಮೇಲೆ ಹೋಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ. ಇಂಥ ಗಾಳಿಯಲ್ಲಿ ಚೀಲ ಉಯ್ಯಾಲೆಯಾಡಿದರೆ ನಡುಕ ಇನ್ನೂ ಹೆಚ್ಚುತ್ತದೆ. ಚೀಲದ ತಳ ನೆಲಕ್ಕೆ ತಾಗುವಂತೆ ಕಟ್ಟಿದರೆ ಉಪಯೋಗವಿದೆ.

ಇದಕ್ಕಿಂತ ದೊಡ್ಡ ಲಾಭ ಖರ್ಚಿಲ್ಲದೆ ಸಿಗುತ್ತದೆ: ಎತ್ತರ ತಗ್ಗಿಸುವುದು. ನಡುಗಂಬವನ್ನು 10ರ ಬದಲು 20 ಸೆಂ.ಮೀ. ಎತ್ತಿದರೆ ಅದೇ ನೂಕಿಗೆ ಅದು ಎಂಟು ಪಟ್ಟು ಬಾಗುತ್ತದೆ. ಹಾಗಾಗಿ ನಡುಗಂಬ ಎತ್ತಲೇಬೇಡಿ. ನೆಲದ ಮೇಲೆ ಕುಳಿತು, ತೆಳು ತುಂಡನ್ನು ಹೊರಗೆಳೆಯದೆ, ಕಾಲುಗಳನ್ನು ಅಗಲಿಸಿ ನಿಲ್ಲಿಸಿ. ಕಣ್ಣಿಡುವ ಕಡೆ 45 ಡಿಗ್ರಿ ಬಾಗಿರುವ ಸ್ಕೋಪ್ ಇದ್ದರೆ ಇದು ಸುಲಭ. ಮಕ್ಕಳೂ ದೊಡ್ಡವರೂ ಎತ್ತರ ಬದಲಿಸದೆ ಬಗ್ಗಿ ನೋಡಬಹುದು. ಹೆಗ್ಗೇರಿಯಂಥ ಕೆರೆಯ ಏರಿಯ ಮೇಲೆ ನಿಂತಾಗ ಪಕ್ಕದಲ್ಲಿ ನಡೆಯುವವರ ಹೆಜ್ಜೆಯ ಅದುರೂ ಚಿತ್ರದಲ್ಲಿ ಕಾಣಬಹುದು. ಓಡಾಟ ಕಡಿಮೆಯಿರುವ ಗಟ್ಟಿ ನೆಲ ಹುಡುಕಿ.

ಹೇಳಿಕೆ 5: ಚಿತ್ರ ನಡುಗಿದರೆ ತಪ್ಪು ಟ್ರೈಪಾಡ್‌ನದೇ

ತಪ್ಪು. ಬಹಳ ಜನ ಸುಮ್ಮನೆ ಹಣ ಕಳೆದುಕೊಳ್ಳುವುದು ಇದನ್ನು ನಂಬಿಯೇ. ಬ್ಯಾಡಗಿ ಸೀಮೆಯ ಕಣಗಳಲ್ಲಿ ಕೆಂಪಗೆ ಹರಡಿದ ಮೆಣಸಿನಕಾಯಿಯನ್ನು ಒಣಗಿಸುವುದು ಬಿಸಿಲು ಮತ್ತು ಕಾದ ನೆಲ. ಅದೇ ಕಾದ ನೆಲ ತನ್ನ ಮೇಲಿನ ಗಾಳಿಯನ್ನೂ ಬಿಸಿ ಮಾಡುತ್ತದೆ. ಬಿಸಿ ಗಾಳಿ ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಈ ಎರಡರಲ್ಲೂ ಬೆಳಕು ಬಾಗುವ ಪ್ರಮಾಣ ಬೇರೆ ಬೇರೆ. ಅದಕ್ಕೇ ದೂರದ ಪ್ರಾಣಿ ನೀರಿನೊಳಗಿದ್ದಂತೆ ಕುಣಿಯುತ್ತದೆ. ಕಪ್ಪು ಎರೆಭೂಮಿ ಬಿಸಿಲನ್ನು ಚೆನ್ನಾಗಿ ಹೀರುವುದರಿಂದ ಅಲ್ಲಿ ಈ ಝಳ ಜೋರಾಗಿಯೇ ಇರುತ್ತದೆ.

ಯಾವುದು ಯಾವುದೆಂದು ಗುರುತಿಸುವುದು ಸುಲಭ. ಸ್ಕೋಪಿನಿಂದ ಕೈ ತೆಗೆದು ನೋಡಿ. ಇಡೀ ಚಿತ್ರ ಒಟ್ಟಿಗೆ ಅತ್ತಿತ್ತ ಅಲುಗಿದರೆ ಅದು ಟ್ರೈಪಾಡ್ ಅಥವಾ ಗಾಳಿಯ ನೂಕು. ಚಿತ್ರ ನಿಂತಲ್ಲೇ ಇದ್ದು ಅಂಚುಗಳು ಮಾತ್ರ ಕುದಿಯುವಂತೆ ಕಂಡರೆ ಅದು ಬಿಸಿಲ ಝಳ. ಆಗ ಹೊಸ ಟ್ರೈಪಾಡ್ ಬೇಡ, ಹೊಸ ಹೊತ್ತು ಬೇಕು. ಬೆಳಗ್ಗೆ ಸೂರ್ಯ ಮೂಡಿದ ಮೊದಲ ಒಂದೆರಡು ಗಂಟೆ ಒಳ್ಳೆಯದು. ಚಿಗರಿಗಳು ಮೇಯುವುದೂ ಹೆಚ್ಚಾಗಿ ಬೆಳಗ್ಗೆ, ಸಂಜೆ.

ಇನ್ನು ಜೂಮ್ ವಿಷಯ. 65 ಮಿ.ಮೀ. ಸ್ಕೋಪಿನಲ್ಲಿ 20 ಪಟ್ಟು ಇಟ್ಟರೆ ಕಣ್ಣಿಗೆ ಬರುವ ಬೆಳಕಿನ ಕಿರಣದ ಅಗಲ 3.25 ಮಿ.ಮೀ., 60 ಪಟ್ಟಿಗೆ ಒಯ್ದರೆ ಸುಮಾರು 1.1 ಮಿ.ಮೀ. ಅಂದರೆ ಚಿತ್ರ ಮಂಕಾಗುತ್ತದೆ, ನಡುಕ ಮತ್ತು ಝಳ ಎರಡೂ ಮೂರು ಪಟ್ಟು ಹಿಗ್ಗುತ್ತವೆ. ಹಗುರ ಟ್ರೈಪಾಡ್ ಮೇಲೆ 20ರಿಂದ 30 ಪಟ್ಟೇ ಹಿತ.

ಮೊಬೈಲಿನಲ್ಲಿ ಫೋಟೊ ತೆಗೆಯುವವರಿಗೆ

ಸ್ಕೋಪಿಗೆ ಮೊಬೈಲ್ ಜೋಡಿಸಿದಾಗ ಪರದೆ ಮುಟ್ಟಿದ ಕೂಡಲೇ ಚಿತ್ರ ಅದುರುತ್ತದೆ. ಕ್ಯಾಮೆರಾದಲ್ಲಿ 2 ಅಥವಾ 3 ಸೆಕೆಂಡಿನ ಟೈಮರ್ ಇಡಿ. ಅನೇಕ ಫೋನ್‌ಗಳಲ್ಲಿ ವೈರ್ ಇರುವ ಇಯರ್‌ಫೋನಿನ ವಾಲ್ಯೂಮ್ ಗುಂಡಿಯೂ ಕ್ಲಿಕ್ ಮಾಡುತ್ತದೆ. ಸ್ಕೋಪನ್ನು ಯಾವತ್ತೂ ಸೂರ್ಯನ ಕಡೆ ತಿರುಗಿಸಿ ಕಣ್ಣಿಡಬೇಡಿ, ದೃಷ್ಟಿಗೇ ಅಪಾಯ.

ಹೊರಡುವ ಮುನ್ನ

ಅಭಯಾರಣ್ಯದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಲದ ಬದುವಿನಲ್ಲಿ ಕೂರುವುದಾದರೆ ಹೊಲದವರನ್ನು ಕೇಳಿ, ಬೆಳೆ ತುಳಿಯಬೇಡಿ. ಪ್ರಾಣಿ ತಲೆಯೆತ್ತಿ ನಿಮ್ಮನ್ನೇ ನೋಡುತ್ತಾ ಮೇಯುವುದನ್ನು ನಿಲ್ಲಿಸಿತೆಂದರೆ ನೀವು ಬಹಳ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋದಾಗಲೂ ಇದೇ ನಿಯಮ.

"ಭಾರದ ಟ್ರೈಪಾಡ್ ಕೊಳ್ಳಿ" ಎಂಬ ಸಂದೇಶ ಇನ್ನೊಮ್ಮೆ ಬಂದರೆ ಫಾರ್ವರ್ಡ್ ಮಾಡುವ ಬದಲು ಇಷ್ಟು ಹೇಳಿ: ದಪ್ಪ ಕಾಲು, ತಗ್ಗಿದ ಎತ್ತರ, ಕಡಿಮೆ ಜೂಮ್, ಬೆಳಗಿನ ಹೊತ್ತು. ಇವು ನಾಲ್ಕೂ ಇದ್ದರೆ ಎರಡು ಕೆ.ಜಿ.ಯೊಳಗಿನ ಟ್ರೈಪಾಡ್ ಮೇಲೂ ಚಿಗರಿಯ ಕೊಂಬಿನ ಸುರುಳಿಯನ್ನು ಎಣಿಸಬಹುದು, ಅದಕ್ಕೆ ನಾವು ಬಂದದ್ದೇ ಗೊತ್ತಾಗದಂತೆ.